ಮರಿ ಹಾಕಿದ ನಾಯಿಯ ಕೂದಲು ಉದುರಿದರೆ ಕ್ಯಾಲ್ಸಿಯಂ ಕೊಡಬೇಕಾ?

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಮರಿ ಹಾಕಿ ಆರು ವಾರ ಆಯ್ತು. ಏಳು ಮರಿಗಳಿವೆ. ಈಗ ಮೈ ಸವರಿದರೆ ಸಾಕು, ಹಿಡಿ ಹಿಡಿ ಕೂದಲು ಬರುತ್ತಿದೆ. ಹೊಟ್ಟೆಯ ಕೂದಲು ಗಬ್ಬದಲ್ಲಿದ್ದಾಗಲೇ ಹೋಗಿತ್ತು. ತುರಿಕೆ ಇಲ್ಲ, ಚೆನ್ನಾಗಿ ತಿನ್ನುತ್ತಾಳೆ. ಕ್ಯಾಲ್ಸಿಯಂ ಟಾನಿಕ್ ಕೊಡಬಹುದಾ?

ಉತ್ತರ: ಟಾನಿಕ್ ಬಾಟಲಿ ಸದ್ಯ ಪಕ್ಕಕ್ಕಿಡಿ. ನೀವು ಹೇಳಿದ್ದನ್ನು ನೋಡಿದರೆ ಇದು ಕಾಯಿಲೆ ಅನ್ನಿಸುವುದಿಲ್ಲ. ಗಬ್ಬ ಮತ್ತು ಹೆರಿಗೆಯ ಸಮಯದಲ್ಲಿ ಹಾರ್ಮೋನುಗಳು ಏರಿಳಿಯುತ್ತವೆ. ಆಗ ತುಂಬಾ ಕೂದಲುಗಳು ಒಂದೇ ಸಲ ಬೆಳೆಯುವುದನ್ನು ನಿಲ್ಲಿಸುತ್ತವೆ. ಕೆಲವು ವಾರಗಳ ಮೇಲೆ, ಹೊಸ ಕೂದಲು ಬರುವ ಹೊತ್ತಿಗೆ, ಹಳೆಯವು ಒಟ್ಟಿಗೇ ಉದುರುತ್ತವೆ. ಬಾಣಂತಿಯರಿಗೂ ಹೀಗೇ ಆಗುತ್ತದೆ ಅಲ್ವಾ? ಮೊಲೆಗಳ ಸುತ್ತ ಕೂದಲು ಹೋಗುವುದೂ ಸಹಜ, ಮರಿಗಳಿಗೆ ಮೊಲೆ ಬೇಗ ಸಿಗುತ್ತದೆ.

ಕ್ಯಾಲ್ಸಿಯಂ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅದರಿಂದ ಕೂದಲು ಉದುರುವುದು ನಿಲ್ಲುವುದಿಲ್ಲ. ಗಬ್ಬದಲ್ಲಿದ್ದಾಗ ಸುಮ್ನೆ ಕೊಟ್ಟರಂತೂ ತೊಂದರೆಯೇ. ಹೊರಗಿಂದ ಧಾರಾಳವಾಗಿ ಸಿಕ್ಕರೆ, ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ಕೆಲಸವನ್ನು ದೇಹ ನಿಧಾನ ಮಾಡಿಬಿಡುತ್ತದೆ. ಹಾಲು ಇಳಿಯಲು ಶುರುವಾದಾಗ ರಕ್ತದಲ್ಲಿ ಅದು ತಟ್ಟನೆ ಕುಸಿಯಬಹುದು. ಹಾಲೂಡಿಸುವ ನಾಯಿ ನಡುಗಿದರೆ, ಕಾಲು ಸೆಟೆದುಕೊಂಡರೆ, ಒಂದೇ ಸಮನೆ ಏದುಸಿರು ಬಿಟ್ಟರೆ ಬೆಳಗಾಗಲಿ ಅಂತ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಅವಳಿಗೆ ನಿಜಕ್ಕೂ ಬೇಕಾದದ್ದು ಊಟ. ಮರಿ ಹಾಕಿದ ಮೂರು-ನಾಲ್ಕನೇ ವಾರದಲ್ಲಿ ಹಾಲು ಅತಿ ಹೆಚ್ಚು. ಏಳು ಮರಿಗಳ ತಾಯಿಗೆ ಆಗ ಮಾಮೂಲಿಯ ಮೂರು ಪಟ್ಟು ಆಹಾರ ಬೇಕಾದರೂ ಆಶ್ಚರ್ಯವಿಲ್ಲ. ಮರಿಗಳಿಗೆಂದು ಮಾಡಿದ ಒಳ್ಳೆಯ ನಾಯಿ ಆಹಾರವನ್ನೇ ತಾಯಿಗೂ ಕೊಡಿ, ದಿನಕ್ಕೆ ನಾಲ್ಕೈದು ಸಲ. ನೀರು ಸದಾ ಇರಲಿ. ಉದುರಿದ ಕೂದಲನ್ನು ಮೆತ್ತಗೆ ಬಾಚಿ ತೆಗೆಯಿರಿ.

ಆದರೆ ಚರ್ಮ ಕೆಂಪಾಗಿದ್ದರೆ, ಹೊಟ್ಟು, ಗಾಯ, ವಾಸನೆ ಕಂಡರೆ ಪಶುವೈದ್ಯರಿಗೆ ತೋರಿಸಿ. ಕಣ್ಣು, ಬಾಯಿಯ ಸುತ್ತ ಬೋಳು ಮಚ್ಚೆ ಎದ್ದಿದ್ದರೂ ಅಷ್ಟೇ. ನುಸಿಯೋ ಹುಳುಕಡ್ಡಿಯೋ ಇರಬಹುದು. ಹುಳುಕಡ್ಡಿ ಮರಿಗಳಿಗೂ ಹತ್ತುತ್ತದೆ, ನಿಮಗೂ ಹತ್ತುತ್ತದೆ. ಮನೆಯಲ್ಲಿರುವ ಮುಲಾಮು, ಉಣ್ಣೆ ಔಷಧಿ ಹಚ್ಚಬೇಡಿ. ಮರಿಗಳು ಹಾಲು ಕುಡಿಯುವಾಗ ಅದನ್ನೇ ನೆಕ್ಕುತ್ತವೆ.

ಹಾಲು ಬಿಡಿಸಿದ ಮೇಲೆ ಕೆಲವು ತಿಂಗಳಲ್ಲಿ ಕೂದಲು ತುಂಬಿಕೊಳ್ಳಬೇಕು. ತುಂಬಲಿಲ್ಲ ಅಂದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಮತ್ತೆ ಗಂಡು ನಾಯಿಯ ಜೊತೆ ಬಿಡಬೇಡಿ.