ಅಮೆರಿಕದ ಜನಗಣತಿಯಲ್ಲಿ ‘ಐರ್ಲೆಂಡ್’ ಅಂತಷ್ಟೇ ಇದೆ. ಪೂರ್ವಜರ ಊರು ಪತ್ತೆ ಮಾಡುವುದು ಹೇಗೆ?

ನೀವು ಕೇಳಿದ್ದು ಇಷ್ಟು: ನಿಮ್ಮ ಯಜಮಾನರ ಮುತ್ತಜ್ಜನ ತಂದೆ ಪ್ಯಾಟ್ರಿಕ್ ಸಲಿವನ್ 1860ರ ಜನಗಣತಿಯಲ್ಲಿ ಬಾಸ್ಟನ್‌ನಲ್ಲಿ ಸಿಕ್ಕಿದ್ದಾರೆ, ಹುಟ್ಟಿದ ಸ್ಥಳ ‘ಐರ್ಲೆಂಡ್’ ಎಂದಷ್ಟೇ ಇದೆ. ನ್ಯೂಯಾರ್ಕ್ ಬಂದರಿನ ವಲಸಿಗರ ತಪಾಸಣಾ ಕೇಂದ್ರವಾಗಿದ್ದ ಎಲಿಸ್ ದ್ವೀಪದ ಪಟ್ಟಿಯಲ್ಲಿ ಅವರಿಲ್ಲ, ಐರ್ಲೆಂಡಿನ ಚರ್ಚ್ ದಾಖಲೆಯಲ್ಲಿ ಹುಡುಕಿದರೆ ಅದೇ ಹೆಸರಿನವರು ರಾಶಿ ರಾಶಿ.

ಎಲಿಸ್ ದ್ವೀಪವನ್ನು ಬಿಟ್ಟುಬಿಡಿ. ಅದು ತೆರೆದದ್ದೇ 1892ರ ಜನವರಿ 1ರಂದು. 1860ಕ್ಕೆ ಮೊದಲೇ ಬಂದವರು ನೇರ ಬಾಸ್ಟನ್ ಬಂದರಿಗೆ ಇಳಿದಿರಬಹುದು, ಇಲ್ಲವೇ ಟಿಕೆಟ್ ಅಗ್ಗವೆಂದು ಕೆನಡಾಕ್ಕೆ ಹೋಗಿ ಅಲ್ಲಿಂದ ದಕ್ಷಿಣಕ್ಕೆ ಬಂದಿರಬಹುದು. ಆ ಕಾಲದ ಹಡಗಿನ ಪಟ್ಟಿಯಲ್ಲಿ ಹೆಸರು, ವಯಸ್ಸು, ಕಸುಬು, ದೇಶ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ‘ಪ್ಯಾಟ್ರಿಕ್ ಸಲಿವನ್, 22, ಕೂಲಿ, ಐರ್ಲೆಂಡ್’ ಎಂಬ ಸಾಲು ಸಿಕ್ಕರೂ ಅದು ನಿಮ್ಮವರೇ ಎಂದು ಹೇಳಲು ಆಧಾರವಿಲ್ಲ.

ಐರ್ಲೆಂಡಿನ ದಾಖಲೆಗಳನ್ನೂ ಸದ್ಯಕ್ಕೆ ಮುಚ್ಚಿಡಿ ಎನ್ನುತ್ತೇನೆ. ಅಲ್ಲಿ ಹುಡುಕಲು ಬೇಕಾದ್ದು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಹೆಸರಲ್ಲ, ಟೌನ್‌ಲ್ಯಾಂಡ್ ಎಂಬ ಅತಿ ಸಣ್ಣ ಭೂಭಾಗದ ಹೆಸರು, ಕೊನೆಯ ಪಕ್ಷ ಧರ್ಮಕೇಂದ್ರದ, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶದ ಹೆಸರು. ದೇಶದಲ್ಲಿ 60 ಸಾವಿರಕ್ಕೂ ಮೀರಿ ಟೌನ್‌ಲ್ಯಾಂಡ್‌ಗಳಿವೆ. ಆ ಹೆಸರು ಸಿಗುವ ಸಾಧ್ಯತೆ ಅಮೆರಿಕದ ಕಾಗದಗಳಲ್ಲೇ ಹೆಚ್ಚು. ಅಲ್ಲಿಯ ಹುಡುಕಾಟ ಮುಗಿಸದೆ ಸಮುದ್ರ ದಾಟಿದವರೇ ಕೊನೆಗೆ ಬೇರೆ ಯಾರದೋ ವಂಶವೃಕ್ಷ ಬರೆದುಕೊಳ್ಳುತ್ತಾರೆ.

ಜನಗಣತಿಯಿಂದ ಶುರುಮಾಡಿ, ಆದರೆ ಒಂದೇ ವರ್ಷಕ್ಕೆ ನಿಲ್ಲಬೇಡಿ. ಮನೆಯಲ್ಲಿರುವ ಎಲ್ಲರ ಹೆಸರೂ ಬರುವುದು 1850ರಿಂದ. ಯಾರು ಯಾರಿಗೆ ಏನಾಗಬೇಕು ಎಂಬುದು ದಾಖಲಾಗುವುದು 1880ರಿಂದ. 1890ರದ್ದು ಬಹುಪಾಲು 1921ರ ಬೆಂಕಿ ಅನಾಹುತದಲ್ಲಿ ಹೋಯಿತು. 1900ರದ್ದು ಚಿನ್ನದಂಥ ದಾಖಲೆ: ಹುಟ್ಟಿದ ತಿಂಗಳು ಮತ್ತು ವರ್ಷ, ಮದುವೆಯಾಗಿ ಎಷ್ಟು ವರ್ಷ, ತಾಯಿಗೆ ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು, ಅಮೆರಿಕಕ್ಕೆ ಬಂದ ವರ್ಷ ಯಾವುದು, ಎಲ್ಲ ಇದೆ. ಪ್ಯಾಟ್ರಿಕ್ ಅಷ್ಟರಲ್ಲಿ ತೀರಿಕೊಂಡಿದ್ದರೂ ಹೆಂಡತಿಯೋ ತಮ್ಮನೋ ತಂಗಿಯೋ ಇದ್ದಿರಬಹುದು. ಇವುಗಳ ನಡುವೆ ಮ್ಯಾಸಚೂಸೆಟ್ಸ್ ರಾಜ್ಯವೇ 1855 ಮತ್ತು 1865ರಲ್ಲಿ ನಡೆಸಿದ ಗಣತಿಯೂ ಇದೆ, ತುಂಬಾ ಜನ ಅದನ್ನು ನೋಡುವುದೇ ಇಲ್ಲ. ಅದೇ ಮನೆಯಲ್ಲಿ ಅಥವಾ ಪಕ್ಕದ ಬಾಗಿಲಲ್ಲಿ ಬೇರೆ ಉಪನಾಮದ ಐರಿಷರಿದ್ದರೆ ಅವರ ಹೆಸರನ್ನೂ ಬರೆದಿಟ್ಟುಕೊಳ್ಳಿ. ಒಂದೇ ಊರಿನವರು ಒಂದೇ ಬೀದಿಯಲ್ಲಿ ನೆಲೆಸುತ್ತಿದ್ದರು.

ವಯಸ್ಸನ್ನು ಮಾತ್ರ ನಂಬಬೇಡಿ. ಹುಟ್ಟಿದ ದಿನ ಖಚಿತವಾಗಿ ಗೊತ್ತಿಲ್ಲದವರು 30, 40, 50 ಎಂದು ಅಂದಾಜಿಗೆ ಹೇಳಿಬಿಡುತ್ತಿದ್ದರು. ಹಿಂದೆ ಮುಂದೆ ಐದು ವರ್ಷವಾದರೂ ಬಿಟ್ಟು ಹುಡುಕಿ. ಹೆಸರಿನ ಕಾಗುಣಿತ ಬರೆದವನ ಕಿವಿಯನ್ನು ಅವಲಂಬಿಸಿದ್ದು: ಸಲಿವನ್, ಓಸಲಿವನ್, ಸಿಲಿವನ್ ಎಲ್ಲವೂ ಒಂದೇ ಕುಟುಂಬವಾಗಿರಬಹುದು. ‘ಓ’ ಇಲ್ಲ ಎಂದು ಯಾರನ್ನೂ ತಳ್ಳಿಹಾಕಬೇಡಿ.

ಮುಂದಿನದು ಮದುವೆ ಮತ್ತು ಮರಣದ ದಾಖಲೆ. ಮ್ಯಾಸಚೂಸೆಟ್ಸ್‌ನಲ್ಲಿ ರಾಜ್ಯಮಟ್ಟದ ನೋಂದಣಿ 1841ರಲ್ಲೇ ಶುರುವಾಯಿತು, ಪ್ರತಿಗಳು ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಉಚಿತ. ಇಲ್ಲಿ ನಿಮಗೆ ಬೇಕಾದ್ದು ಪ್ಯಾಟ್ರಿಕ್ಕರ ತಂದೆ ತಾಯಿಯ ಹೆಸರು, ಮುಖ್ಯವಾಗಿ ತಾಯಿಯ ತವರಿನ ಉಪನಾಮ. ‘ಪ್ಯಾಟ್ರಿಕ್ ಸಲಿವನ್’ ಹುಡುಕಿದರೆ ನೂರು ಜನ. ‘ತಂದೆ ಡೇನಿಯಲ್ ಸಲಿವನ್, ತಾಯಿ ಹೊನೋರಾ ಶೀ’ ಎಂಬ ಜೋಡಿ ಸಿಕ್ಕರೆ ಉಳಿಯುವುದು ಬೆರಳೆಣಿಕೆ. ಪ್ಯಾಟ್ರಿಕ್ಕರ ಮರಣ ದಾಖಲೆಯಲ್ಲಿ ಆ ಹೆಸರಿಲ್ಲದಿದ್ದರೆ ಅವರ ಒಡಹುಟ್ಟಿದವರ ದಾಖಲೆ ತೆಗೆಯಿರಿ, ತಂದೆ ತಾಯಿ ಅವರೇ ತಾನೆ.

ಚರ್ಚ್ ರಿಜಿಸ್ಟರ್‌ಗಳ ಕೆಲಸ ಶುರುವಾಗುವುದು ಇಲ್ಲಿಂದ. ಬಾಸ್ಟನ್ ಕಥೊಲಿಕ ಮಹಾಧರ್ಮಪ್ರಾಂತ್ಯದ 1789ರಿಂದ 1920ರವರೆಗಿನ ಪುಸ್ತಕಗಳು ಅಮೆರಿಕನ್ ಆನ್ಸೆಸ್ಟರ್ಸ್ ಜಾಲತಾಣದಲ್ಲಿವೆ. ಪ್ಯಾಟ್ರಿಕ್ಕರ ಒಬ್ಬ ಮಗುವಿನದ್ದಷ್ಟೇ ಸಾಲದು, ಎಲ್ಲ ಮಕ್ಕಳ ಜ್ಞಾನಸ್ನಾನದ (ಬ್ಯಾಪ್ಟಿಸಂ) ದಾಖಲೆ ತೆಗೆದು, ಆಗ ಮಗುವಿನ ಪರವಾಗಿ ನಿಲ್ಲುವ ಜ್ಞಾನತಂದೆ, ಜ್ಞಾನತಾಯಿಯರ ಹೆಸರಿನ ಪಟ್ಟಿ ಮಾಡಿ. ಅವರು ಬಹಳ ಸಲ ಒಡಹುಟ್ಟಿದವರು, ದಾಯಾದಿಗಳು ಅಥವಾ ಊರಿನವರು. ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಅತಿ ಹೆಚ್ಚು ಫಲ ಕೊಡುವ ಪಟ್ಟಿ ಇದೇ. ಪ್ಯಾಟ್ರಿಕ್ಕರ ಊರು ಎಲ್ಲೂ ಬರೆದಿರದಿದ್ದರೂ ಅವರ ಮಗುವನ್ನು ಎತ್ತಿಕೊಂಡು ನಿಂತವರ ಊರು ಸಮಾಧಿಯ ಕಲ್ಲಿನ ಮೇಲೆ ಇರಬಹುದು. ಕೌಂಟಿ ಮತ್ತು ಧರ್ಮಕೇಂದ್ರದ ಹೆಸರು ಕೆತ್ತಿಸುವುದು ಅಲ್ಲಿನ ಐರಿಷರಲ್ಲಿ ರೂಢಿಯಲ್ಲಿತ್ತು. ಬಾಸ್ಟನ್‌ನ ‘ಪೈಲಟ್’ ಪತ್ರಿಕೆಯಲ್ಲಿ 1831ರಿಂದ 1921ರವರೆಗೆ ಕಾಣೆಯಾದ ಬಂಧುಗಳನ್ನು ಹುಡುಕುವ ಜಾಹೀರಾತುಗಳು ಬರುತ್ತಿದ್ದವು, ಅವುಗಳಲ್ಲಿ ಊರಿನ ಹೆಸರು ಹೆಚ್ಚಾಗಿ ಇರುತ್ತದೆ. ಜ್ಞಾನತಂದೆಯರ ಹೆಸರನ್ನೂ ಅಲ್ಲಿ ಹಾಕಿ ನೋಡಿ. ಪೌರತ್ವದ ಕಾಗದಗಳನ್ನೂ ತೆಗೆಯಿರಿ, ಆದರೆ 1906ಕ್ಕೆ ಹಿಂದಿನವುಗಳಿಂದ ಹೆಚ್ಚು ನಿರೀಕ್ಷೆ ಬೇಡ. ಸಾಕ್ಷಿಗಳ ಹೆಸರು ಸಿಕ್ಕರೆ ಅದೇ ಲಾಭ.

ಊರು ಅಥವಾ ಧರ್ಮಕೇಂದ್ರ ಸಿಕ್ಕಿತು ಎಂದುಕೊಳ್ಳಿ. ಈಗ ಐರ್ಲೆಂಡ್. ಅಲ್ಲಿ 1821ರಿಂದ 1851ರವರೆಗಿನ ಜನಗಣತಿ 1922ರ ಜೂನ್ 30ರಂದು ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದಲ್ಲಿ ಬಹುತೇಕ ಸುಟ್ಟುಹೋಯಿತು. 1861, 1871ರದ್ದನ್ನು ಸರ್ಕಾರವೇ ನಾಶಮಾಡಿತ್ತು, 1881, 1891ರದ್ದು ಮೊದಲ ಮಹಾಯುದ್ಧದ ಹೊತ್ತಿಗೆ ರದ್ದಿಗೆ ಹೋದವು. 1901 ಮತ್ತು 1911ರವು ಪೂರ್ತಿ ಉಳಿದಿವೆ, ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿ ಉಚಿತ. ಊರಲ್ಲೇ ಉಳಿದ ತಮ್ಮಂದಿರ ಮಕ್ಕಳು ಅವುಗಳಲ್ಲಿ ಸಿಗುತ್ತಾರೆ. ಅದೇ ವ್ಯಕ್ತಿಯ ವಯಸ್ಸು ಹತ್ತು ವರ್ಷದಲ್ಲಿ ಹದಿನೈದು ಏರಿದ್ದರೆ ಗಾಬರಿಯಾಗಬೇಡಿ: 1909ರಿಂದ 70 ತುಂಬಿದವರಿಗೆ ಪಿಂಚಣಿ ಶುರುವಾಗಿತ್ತು, ಅದಕ್ಕಾಗಿ ವಯಸ್ಸು ಏರಿಸಿ ಹೇಳಿದವರಿದ್ದರು. ಆ ಪಿಂಚಣಿಗೆ ವಯಸ್ಸು ಸಾಬೀತುಮಾಡಲು 1841, 1851ರ ಗಣತಿಯಲ್ಲಿ ಹುಡುಕಿಸಿದ ಅರ್ಜಿ ನಮೂನೆಗಳು ಉಳಿದುಕೊಂಡಿವೆ. ಸುಟ್ಟುಹೋದ ಗಣತಿಯ ತುಣುಕು ಅವುಗಳಲ್ಲಿ ತಂದೆ ತಾಯಿಯ ಹೆಸರು, ಟೌನ್‌ಲ್ಯಾಂಡ್ ಸಮೇತ ಇದೆ.

ಕಥೊಲಿಕ ರಿಜಿಸ್ಟರ್‌ಗಳು ಆಯಾ ಧರ್ಮಕೇಂದ್ರದಲ್ಲೇ ಇದ್ದುದರಿಂದ ಬೆಂಕಿಯಿಂದ ಪಾರಾದವು. ಸುಮಾರು 1880ರವರೆಗಿನ ಪುಟಗಳ ಚಿತ್ರ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಉಚಿತ, ಆದರೆ ಅಲ್ಲಿ ಹೆಸರು ಹಾಕಿ ಹುಡುಕಲಾಗದು, ಪುಟ ತಿರುಗಿಸಿ ಓದಬೇಕು. ಸಲಿವನ್‌ಗಳು ದಟ್ಟವಾಗಿರುವುದು ಕೆರ್ರಿ ಮತ್ತು ಕಾರ್ಕ್‌ನಲ್ಲಿ. ಕೆರ್ರಿಯ ಮತ್ತು ಕಾರ್ಕ್‌ನ ಕೆಲ ಭಾಗದ ಚರ್ಚ್ ದಾಖಲೆಗಳನ್ನು ಐರಿಷ್ ಜೀನಿಯಾಲಜಿ ಎಂಬ ಸರ್ಕಾರಿ ತಾಣದಲ್ಲಿ ಹೆಸರಿನಿಂದಲೇ ಹುಡುಕಬಹುದು, ಇದು ನಿಮ್ಮ ಅದೃಷ್ಟ.

ಬರಹ ಎಷ್ಟೋ ಕಡೆ ಲ್ಯಾಟಿನ್‌ನಲ್ಲಿದೆ. ಉಪನಾಮ ಹಾಗೇ ಇರುತ್ತದೆ, ಮೊದಲ ಹೆಸರು ಬದಲಾಗುತ್ತದೆ: ಪ್ಯಾಟ್ರಿಕ್ ಪತ್ರಿಸಿಯಸ್, ಜೇಮ್ಸ್ ಜಾಕೋಬಸ್, ವಿಲಿಯಂ ಗುಲಿಯೆಲ್ಮಸ್, ಓವನ್ ಯುಜೀನಿಯಸ್. ಕೆರ್ರಿ, ಕಾರ್ಕ್‌ಗಳಲ್ಲಿ ಫ್ಲಾರೆನ್ಸ್ ಎಂಬುದು ಗಂಡಸರ ಹೆಸರೂ ಹೌದು. ಕಥೊಲಿಕ ಧರ್ಮಕೇಂದ್ರದ ಗಡಿಯೂ ಪ್ಯಾರಿಷ್ ಎಂದೇ ಕರೆಯುವ ಸರ್ಕಾರಿ ಆಡಳಿತ ವಿಭಾಗದ ಗಡಿಯೂ ಒಂದೇ ಅಲ್ಲ, ನಕ್ಷೆ ಪಕ್ಕದಲ್ಲಿಟ್ಟುಕೊಳ್ಳಿ. ಒಂದು ಧರ್ಮಕೇಂದ್ರದ ಪುಸ್ತಕ 1830ರಿಂದಷ್ಟೇ ಇದ್ದು, ನಿಮ್ಮವರು 1826ರಲ್ಲಿ ಹುಟ್ಟಿದ್ದರೆ ಅವರು ಅಲ್ಲಿ ಸಿಗುವುದಿಲ್ಲ. ಸಿಗಲಿಲ್ಲವೆಂದು ಊರು ತಪ್ಪೆಂದುಕೊಳ್ಳುವ ಮೊದಲು ಪುಸ್ತಕ ಯಾವ ವರ್ಷ ಶುರುವಾಗುತ್ತದೆ ನೋಡಿ. ಆಗ ತಮ್ಮ ತಂಗಿಯರ ಜ್ಞಾನಸ್ನಾನ ಹುಡುಕಿ.

ಸಿಕ್ಕ ಮೇಲೆ ಗ್ರಿಫಿತ್ ಭೂಮೌಲ್ಯಮಾಪನದಲ್ಲಿ (1847–1864) ತಾಳೆ ನೋಡಿ. ಅದರಲ್ಲಿ ಮನೆ ಜಮೀನು ಹಿಡಿದವರ ಹೆಸರು ಮಾತ್ರ ಇದೆ, ಹೆಂಡತಿ ಮಕ್ಕಳದ್ದಿಲ್ಲ. ಒಂದೇ ಟೌನ್‌ಲ್ಯಾಂಡ್‌ನಲ್ಲಿ ಇಬ್ಬರು ಒಂದೇ ಹೆಸರಿನವರಿದ್ದರೆ ಪಕ್ಕದಲ್ಲಿ ತಂದೆಯ ಹೆಸರನ್ನೋ ಅಡ್ಡಹೆಸರನ್ನೋ ಹಾಕಿರುತ್ತಾರೆ. ಡೇನಿಯಲ್ ಸಲಿವನ್ ಅಲ್ಲಿದ್ದು, ಜ್ಞಾನತಂದೆಯರ ಪಟ್ಟಿಯ ಒಂದೆರಡು ಉಪನಾಮಗಳೂ ಅದೇ ಪುಟದಲ್ಲಿದ್ದರೆ ನೀವು ಸರಿಯಾದ ಊರಲ್ಲಿದ್ದೀರಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಬರೀ ಹೆಸರು ಮತ್ತು ವಯಸ್ಸು ಹೊಂದಿದ್ದಕ್ಕೆ ಒಪ್ಪಬೇಡಿ.

ಪ್ಯಾಟ್ರಿಕ್ಕರ ಹೆಂಡತಿಯ ತವರಿನ ಹೆಸರು ಮತ್ತು ಅವರ ಮದುವೆಯ ವರ್ಷ ಗೊತ್ತಿದ್ದರೆ ಕೆಳಗೆ ಬರೆಯಿರಿ. ಬಾಸ್ಟನ್‌ನ ಯಾವ ಚರ್ಚ್‌ನ ಪುಸ್ತಕ ಮೊದಲು ತೆರೆಯಬೇಕೆಂದು ನೋಡೋಣ.