ಕೆಎಲ್-14 ಯಾಕೆ ಅಂತ ಕೇಳಿದೆಯಲ್ಲ

"ಮಾತೆತ್ತಿದರೆ ಕನ್ನಡ ಅನ್ನುತ್ತೀರಿ, ಕಾರಿಗೆ ಮಾತ್ರ ಕೇರಳದ ನಂಬರು. ಮಂಗಳೂರಲ್ಲೇ ತಗೊಂಡು ಕೆಎ-19 ಹಾಕಿಸಬಹುದಲ್ಲ?" ಅಂತ ನೀನು ಬೆಂಗಳೂರಿನಿಂದ ಕೇಳಿದೆ. ಮಾರಾಯ, ನಂಬರು ಕೊಡುವವರು ಮನೆಮಾತು ಯಾವುದು ಅಂತ ಕೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 40ನೇ ಕಲಂ ನೋಡುವುದು ಗಾಡಿ ಸಾಮಾನ್ಯವಾಗಿ ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ಮಾತ್ರ. 1956ರಲ್ಲಿ ರಾಜ್ಯಗಳ ಗೆರೆ ಎಳೆದವರು ನಮ್ಮ ಕಾಸರಗೋಡು ಕಡೆಯ ಮಂಜೇಶ್ವರ, ಕುಂಬಳೆಯ ಅಂಗಳಗಳನ್ನು ಕೇರಳಕ್ಕೆ ಸೇರಿಸಿದರು. ಕಾರು ಮಲಗುವುದು ಆ ಅಂಗಳದಲ್ಲೇ, ಹಾಗಾಗಿ ಕಾಸರಗೋಡಿನ ನಂಬರು ಕೆಎಲ್-14.

ಯಾವ ಕಾರು ಎನ್ನುವುದು ಇಲ್ಲಿ ದೊಡ್ಡ ತಲೆಬಿಸಿಯಲ್ಲ. ಗುಡ್ಡೆ ಇಳಿದು ತೋಟಕ್ಕೆ ಹೋಗುವ ಮಣ್ಣಿನ ದಾರಿಗೆ ಅಡಿ ತಾಗದಷ್ಟು ಎತ್ತರ, ಅಡಿಕೆ ಗೋಣಿ ಹಿಡಿಸುವ ಡಿಕ್ಕಿ, ಉಪ್ಪುಗಾಳಿಗೆ ಅಡಿಭಾಗಕ್ಕೊಂದು ತುಕ್ಕುನಿರೋಧಕ ಲೇಪ, ಇಷ್ಟಿದ್ದರೆ ಸಾಕು. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕು ದಿನ ಬಿಟ್ಟರೆ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಅದಕ್ಕೇ ಇಲ್ಲಿಯವರು ಫಸ್ಟ್ ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡುವುದು.

ಮಂಗಳೂರಿನ ಶೋರೂಮಿನಿಂದ ಹೊಸ ಕಾರು ತಂದರೂ ರಗಳೆಯಿಲ್ಲ. ಹಳದಿ ಪ್ಲೇಟಿನ ಮೇಲೆ ಕೆಂಪಕ್ಷರದ ತಾತ್ಕಾಲಿಕ ನಂಬರಿನಲ್ಲಿ ಗಡಿ ದಾಟಿಸಿ, ತೆರಿಗೆ ಕೇರಳಕ್ಕೆ ಕಟ್ಟಿದರೆ ಆಯಿತು.

ರಗಳೆ ಉಂಟಾಗುವುದು ಹಳೇ ಕಾರಿಗೆ. ಮಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಸಿಗುವುದು ಜಾಸ್ತಿ, ಹಾಗಾಗಿ ಎಲ್ಲರೂ ಅಲ್ಲಿಗೇ ಓಡುತ್ತಾರೆ. ಸಾಲ ತೀರಿದ್ದರೆ ಮೊದಲು ಫಾರಂ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ಆಮೇಲೆ ಫಾರಂ 28ರಲ್ಲಿ ಗಾಡಿ ಬೇರೆ ರಾಜ್ಯಕ್ಕೆ ಒಯ್ಯಲು ಅಡ್ಡಿಯಿಲ್ಲ ಎನ್ನುವ ಕರ್ನಾಟಕದ ಪತ್ರ, ಅಂದರೆ ಎನ್‌ಒಸಿ. ಅದಕ್ಕೆ ಚಾಸಿ ನಂಬರಿನ, ಅಂದರೆ ಗಾಡಿಯ ಚೌಕಟ್ಟಿಗೆ ಕೊರೆದ ನಂಬರಿನ, ಪೆನ್ಸಿಲ್ ಪ್ರಿಂಟ್ ಬೇಕು. ನಂಬರು ಕೆಲವು ಕಾರಿನಲ್ಲಿ ಮುಂದಿನ ಸೀಟಿನಡಿಯ ಮ್ಯಾಟ್ ಎತ್ತಿದರೆ ಕಾಣುತ್ತದೆ, ಕೆಲವದರಲ್ಲಿ ಬಾನೆಟ್ಟಿನ ಒಳಗಿರುತ್ತದೆ. ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ, ತೆಳು ಕಾಗದ ಇಟ್ಟು, ಪೆನ್ಸಿಲನ್ನು ಓರೆ ಹಿಡಿದು ಉಜ್ಜಬೇಕು. ಹದಿನೇಳೂ ಅಕ್ಷರ ಮೂಡಬೇಕು. ತುಕ್ಕು ಹಿಡಿದಿದೆ ಅಂತ ಉಪ್ಪುಕಾಗದ ಹಾಕಿ ತಿಕ್ಕಬೇಡ. ಅಂಚು ಸವೆದರೆ ನಂಬರು ತಿದ್ದಿದ್ದಾರೆ ಎಂಬ ಸಂಶಯ ಏಳುತ್ತದೆ.

ಎನ್‌ಒಸಿ ಬಂದ ಮೇಲೆ ಇತ್ತ ಕೇರಳದಲ್ಲಿ ನಂಬರು ಬದಲಿಸುವ ಅರ್ಜಿ ಫಾರಂ 27, ಉಳಿದ ವರ್ಷಗಳ ತೆರಿಗೆ, ಹೊಸ ನಂಬರು. ಕರ್ನಾಟಕಕ್ಕೆ ಕಟ್ಟಿದ ಜೀವಾವಧಿ ತೆರಿಗೆಯಲ್ಲಿ ಬಾಕಿ ವಾಪಸು ಬರಬೇಕಾದರೆ ಕೆಎಲ್ ಆರ್‌ಸಿ ತೋರಿಸಿ ಬೇರೆ ಅರ್ಜಿ ಹಾಕಬೇಕು. ಅಂದರೆ ಎರಡು ಸರಕಾರದ ತೆರಿಗೆ ಸ್ವಲ್ಪ ಕಾಲ ಒಂದೇ ಕಾರಿನ ಮೇಲೆ ಕೂತಿರುತ್ತದೆ. ಇದರ ನಡುವೆ ಆಧಾರಿನಲ್ಲಿ 'ಮಂಜೇಶ್ವರ', ಇನ್ನೊಂದು ದಾಖಲೆಯಲ್ಲಿ 'ಮಂಜೇಶ್ವರಂ'. ಒಂದು ಸೊನ್ನೆಯ ಅಂತರಕ್ಕೆ ಎಷ್ಟು ಸಲ ಕೌಂಟರಿಗೆ ಅಲೆಯಬೇಕು ಅಂತ ಬೆಂಗಳೂರಿನವನಿಗೆ ಹೇಗೆ ಹೇಳುವುದು? ಊರ ಹೆಸರನ್ನು ನಾವು ತಪ್ಪಾಗಿ ಬರೆದದ್ದಲ್ಲ, ಮೊದಲಿನಿಂದಲೂ ಅದು 'ಮಂಜೇಶ್ವರ'ವೇ.

ಇಲ್ಲಿಗೂ ಮುಗಿಯಲಿಲ್ಲ. ಕೊಂಡ 14 ದಿನದೊಳಗೆ ವಿಮೆ ನಿನ್ನ ಹೆಸರಿಗೆ ಮಾಡಿಕೊಡಿ ಎಂದು ಕಂಪನಿಗೆ ಬರೆಯಬೇಕು. ಹಳೇ ಮಾಲಿಕ ಪರಿಹಾರ ಕೇಳದ್ದಕ್ಕೆ ವಿಮೆಯಲ್ಲಿ ಗಳಿಸಿದ ರಿಯಾಯಿತಿ, ನೋ ಕ್ಲೈಮ್ ಬೋನಸ್, ಕಾರಿನ ಜೊತೆ ಬರುವುದಿಲ್ಲ. ಫಾಸ್ಟ್ಯಾಗ್ ಹಳೇ ನಂಬರಿನಲ್ಲೇ ಉಳಿದಿರುತ್ತದೆ, ಗಡಿಯ ತಲಪಾಡಿ ಟೋಲಿನಲ್ಲಿ ಹಿಂದಿನವರು ಹಾರ್ನ್ ಹೊಡೆಯುವಾಗಲೇ ಅದು ನೆನಪಾಗುವುದು.

ಕೇರಳದ ನಂಬರಿನಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗುವವರನ್ನು ಅಲ್ಲಿನ ಸಾರಿಗೆ ಇಲಾಖೆಯವರು ತಡೆದು ಕೇಳುವುದು, "ಗಾಡಿ ಇಲ್ಲಿಗೆ ಬಂದು ಎಷ್ಟು ಸಮಯವಾಯಿತು?" ಅಂತ. 2014ರಲ್ಲಿ ಕರ್ನಾಟಕ 30 ದಿನ ಮೀರಿದರೆ ತೆರಿಗೆ ಅಂತ ತಿದ್ದುಪಡಿ ತಂದಿತ್ತು, ಹೈಕೋರ್ಟು ಅದನ್ನು ಒಪ್ಪಲಿಲ್ಲ. ಈಗ ಲೆಕ್ಕಕ್ಕೆ ಬರುವುದು ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ 12 ತಿಂಗಳು, ಅಂದರೆ ಗಾಡಿ ಬೇರೆ ರಾಜ್ಯದಲ್ಲಿ ಅಷ್ಟು ಸಮಯ ಮೀರಿ ನಿಂತರೆ ಮಾತ್ರ ಅಲ್ಲಿನ ನಂಬರು ಬೇಕು. ದಿನಾ ಸಂಜೆ ಗಡಿ ದಾಟಿ ಮನೆಗೆ ಬರುವ ಕಾರಿಗೆ ಅದೂ ತಾಗುವುದಿಲ್ಲ. ಫಾಸ್ಟ್ಯಾಗಿನ ಸ್ಟೇಟ್‌ಮೆಂಟ್ ಫೋನಿನಲ್ಲಿ ಇಟ್ಟುಕೊಂಡರೆ ಹೋದ ಬಂದ ಹೊತ್ತು ಅದರಲ್ಲೇ ಉಂಟು. 2020ರಲ್ಲಿ ಕೊರೊನಾ ಅಂತ ಅದೇ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಾತ್ರ ಯಾವ ಕಾಗದವೂ ನಡೆಯಲಿಲ್ಲ.

ನೀನು ಈ ಕಡೆ ಬರುವಾಗ ತಲಪಾಡಿಗೆ ಮೊದಲೇ ಟ್ಯಾಂಕ್ ತುಂಬಿಸಿಕೋ. ಗಡಿ ದಾಟಿದರೆ ಪೆಟ್ರೋಲ್ ತುಟ್ಟಿ.