ಮನೆಯ ಗ್ಯಾರೇಜಿನಲ್ಲಿ ಕಟ್ಟುವ ಹಗುರ ಕಾರು: ಓದುಗರ ಮೂರು ಪ್ರಶ್ನೆಗಳು

ಪ್ರಶ್ನೆ: ನಾನು ಹಾಸನದ ಕಡೆಯವನು, ಹನ್ನೊಂದು ವರ್ಷಗಳಿಂದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದ್ದೇನೆ. ಬಿಡಿಭಾಗಗಳ ಪೆಟ್ಟಿಗೆ ತರಿಸಿಕೊಂಡು ಲೋಟಸ್ ಸೆವೆನ್ ಮಾದರಿಯ ಕಾರನ್ನು ನನ್ನ ಕೈಯಾರೆ ಕಟ್ಟಬೇಕೆಂಬ ಆಸೆ ಬಹಳ ದಿನದಿಂದ ಇದೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ಕುಳಿತು ಲೂನಾ ಬಿಚ್ಚಿ ಜೋಡಿಸಿದ್ದನ್ನು ಬಿಟ್ಟರೆ ಬೇರೆ ಅನುಭವವಿಲ್ಲ. ಗ್ಯಾರೇಜು ಹದಿನಾರು ಅಡಿ ಉದ್ದ, ಎಂಟು ಅಡಿ ಅಗಲವಿದೆ. ಇದು ನನ್ನಿಂದ ಆಗುವ ಕೆಲಸವೇ? ಯಾವ ಎಂಜಿನ್ ಆರಿಸಿಕೊಳ್ಳಲಿ? ರಸ್ತೆಗೆ ತರಲು ಏನೇನು ಮಾಡಬೇಕು?

ಉತ್ತರ: ಖಂಡಿತ ಆಗುವ ಕೆಲಸ. ಅಪ್ಪನ ಪಕ್ಕ ಕುಳಿತು ಲೂನಾ ಬಿಚ್ಚಿದವರಿಗೆ ಒಂದು ಅಭ್ಯಾಸ ಬಂದಿರುತ್ತದೆ. ಬಿಚ್ಚಿದ ವಾಷರನ್ನು ಎಲ್ಲಿಟ್ಟೆ, ಯಾವ ಕ್ರಮದಲ್ಲಿ ಬಿಚ್ಚಿದೆ ಎಂಬುದನ್ನು ಅವರು ನೆನಪಿಟ್ಟುಕೊಳ್ಳುತ್ತಾರೆ. ಈ ಕೆಲಸಕ್ಕೆ ಮುಖ್ಯವಾಗಿ ಬೇಕಾದುದು ಆ ಅಭ್ಯಾಸವೇ.

ನೀವು ಕೇಳಿರುವ ಕಾರಿನ ಮೂಲವನ್ನು ಮೊದಲು ತಿಳಿಸುತ್ತೇನೆ, ಏಕೆಂದರೆ ಎಂಜಿನ್ ಯಾವುದೆಂಬ ಪ್ರಶ್ನೆಗೂ ಉತ್ತರ ಅಲ್ಲಿಂದಲೇ ಸಿಗುತ್ತದೆ. ಕಾಲಿನ್ ಚ್ಯಾಪ್‌ಮನ್ ಅವರ ಲೋಟಸ್ ಕಂಪನಿ 1957ರಲ್ಲಿ ಸೆವೆನ್ ಕಾರನ್ನು ತಂದಿತು. ಸಣ್ಣ ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಬೆಸೆದ ಚೌಕಟ್ಟು, ಅದರ ಮೇಲೆ ರಿವೆಟ್ ಹೊಡೆದ ಅಲ್ಯೂಮಿನಿಯಂ ತಗಡು, ಎರಡು ಸೀಟು ಬಿಟ್ಟರೆ ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಆಗ ಬ್ರಿಟನ್ನಿನಲ್ಲಿ ಪೂರ್ತಿ ಕಾರು ಕೊಂಡರೆ ಖರೀದಿ ತೆರಿಗೆ ಬೀಳುತ್ತಿತ್ತು, ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಬೀಳುತ್ತಿರಲಿಲ್ಲ. 1973ರಲ್ಲಿ ವ್ಯಾಟ್ ಬಂದಾಗ ಈ ತೆರಿಗೆ ಲಾಭ ಹೋಯಿತು. ಅದೇ ವರ್ಷ ಲೋಟಸ್ ಸೆವೆನ್ನಿನ ಹಕ್ಕನ್ನು ಕೇಟರ್‌ಹ್ಯಾಮ್ ಕಂಪನಿಗೆ ಬಿಟ್ಟುಕೊಟ್ಟಿತು. ಅಂದರೆ ತೆರಿಗೆ ಉಳಿಸುವ ಕಾರಣ ಇಲ್ಲವಾದ ಮೇಲೂ ಜನ ಐವತ್ತು ವರ್ಷಗಳಿಂದ ಈ ಕಾರನ್ನು ಮನೆಯಲ್ಲಿ ಕಟ್ಟುತ್ತಲೇ ಬಂದಿದ್ದಾರೆ, ಮತ್ತು ಹಾಗೆ ಕಟ್ಟುವವರು ಬಯಸುವುದು ಅದರ ಹಗುರತನವನ್ನು.

ಹೀಗಾಗಿ ಎಂಜಿನ್ ವಿಷಯದಲ್ಲಿ ನನ್ನ ಸಲಹೆ ಸ್ಪಷ್ಟವಾಗಿದೆ: ಚಿಕ್ಕದನ್ನೇ ಆರಿಸಿಕೊಳ್ಳಿ. 2021ರಲ್ಲಿ ಬಂದ ಕೇಟರ್‌ಹ್ಯಾಮ್ ಸೆವೆನ್ 170 ಮಾದರಿಯಲ್ಲಿ ಇದ್ದದ್ದು ಸುಜುಕಿಯ 660 ಸಿಸಿ, ಮೂರು ಸಿಲಿಂಡರಿನ ಟರ್ಬೊ ಎಂಜಿನ್. ಅದರ ಶಕ್ತಿ 84 ಅಶ್ವಶಕ್ತಿ, ನಮ್ಮ ಊರಿನ ಸ್ವಿಫ್ಟ್ ಕಾರಿನದಕ್ಕಿಂತ ಹೆಚ್ಚೇನಲ್ಲ. ಆದರೆ ಸ್ವಿಫ್ಟ್ ಸುಮಾರು 900 ಕಿಲೋ ತೂಗಿದರೆ ಈ ಕಾರು ತೂಗುವುದು 440 ಕಿಲೋ. ಎಂಜಿನ್ ಎಳೆಯಬೇಕಾದ ಹೊರೆ ಅರ್ಧಕ್ಕೆ ಇಳಿದಾಗ ಬ್ರೇಕು ತಡೆಯಬೇಕಾದ ಹೊರೆ, ತಿರುವಿನಲ್ಲಿ ಟೈರು ಹಿಡಿದಿಡಬೇಕಾದ ಹೊರೆ ಎಲ್ಲವೂ ಅರ್ಧಕ್ಕೆ ಇಳಿಯುತ್ತವೆ. ಹೆಚ್ಚು ಶಕ್ತಿಯ ಎಂಜಿನ್ ಕೂರಿಸಿದರೆ ಅದಕ್ಕೆ ತಕ್ಕ ಅಗಲ ಟೈರು, ದೊಡ್ಡ ಬ್ರೇಕು, ಗಟ್ಟಿ ಆಕ್ಸಲ್ ಬೇಕಾಗುತ್ತವೆ, ತೂಕ ಒಂದೊಂದೇ ಕಿಲೋ ಏರುತ್ತಾ ಹೋಗುತ್ತದೆ. 200 ಅಶ್ವಶಕ್ತಿ ದಾಟಿದ ಸೆವೆನ್‌ಗಳನ್ನೂ ನಾನು ಓಡಿಸಿದ್ದೇನೆ. ಅವು ರೇಸ್ ಟ್ರ್ಯಾಕಿಗೆ ಸರಿ, ಹಳ್ಳಿಗಾಡಿನ ಕಿರಿದಾದ ರಸ್ತೆಯಲ್ಲಿ ಅವುಗಳ ಶಕ್ತಿಯ ಅರ್ಧವನ್ನೂ ಬಳಸಲು ಆಗುವುದಿಲ್ಲ.

ಭಾಗಗಳನ್ನು ಪಡೆಯಲು ಎರಡು ದಾರಿಗಳಿವೆ. ಎಲ್ಲ ಭಾಗಗಳೂ ಹೊಸದಾಗಿರುವ ಪೂರ್ಣ ಕಿಟ್ ತರಿಸುವುದು ಒಂದು. ಹಳೆಯ ಫೋರ್ಡ್ ಸಿಯೆರಾ ಅಥವಾ ಮಾಜ್ದಾ ಎಂಎಕ್ಸ್-5 ಕೊಂಡು, ಅದರ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಬಿಚ್ಚಿ ಹೊಸ ಚೌಕಟ್ಟಿಗೆ ಹಾಕುವುದು ಇನ್ನೊಂದು. ಎರಡನೆಯದು ಅಗ್ಗವೆಂದು ಕಾಣುತ್ತದೆ, ಆದರೆ ತುಕ್ಕು ಹಿಡಿದ ಬೋಲ್ಟುಗಳೊಡನೆ ಗುದ್ದಾಡುವುದರಲ್ಲೇ ವಾರಾಂತ್ಯಗಳು ಕಳೆಯುತ್ತವೆ, ಮತ್ತು ಹಳೆಯ ಭಾಗಗಳ ವಯಸ್ಸನ್ನು ದಾಖಲೆಯಿಂದ ತೋರಿಸಲಾಗದಿದ್ದರೆ ಕಾರಿಗೆ, ವಯಸ್ಸು ಖಚಿತವಿಲ್ಲದ ವಾಹನವೆಂದು ಸೂಚಿಸುವ ಕ್ಯೂ ಅಕ್ಷರದ ನಂಬರ್ ಪ್ಲೇಟ್ ಬೀಳುತ್ತದೆ. ಮೊದಲ ಸಲ ಕಟ್ಟುವವರಿಗೆ ನಾನು ಹೇಳುವುದು ಪೂರ್ಣ ಕಿಟ್ಟನ್ನೇ. ಅದಕ್ಕೆ ನೂರು ಗಂಟೆಯ ಕೆಲಸ ಎಂದು ಹೇಳುವುದುಂಟು, ನೀವು ಇನ್ನೂರೆಂದು ಲೆಕ್ಕ ಹಾಕಿಕೊಂಡರೆ ಅವಸರ ಮಾಡುವ ಪ್ರಸಂಗ ಬರುವುದಿಲ್ಲ.

ನಿಮ್ಮ ಗ್ಯಾರೇಜು ಸಾಕು. ಕಾರಿನ ಉದ್ದ ಹತ್ತು ಅಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆದರೆ ಎಂಜಿನ್ನು ಮತ್ತು ಗೇರ್‌ಬಾಕ್ಸನ್ನು ಒಟ್ಟಿಗೆ ಸೇರಿಸಿ, ಭಾರ ಎತ್ತುವ ಹಾಯ್ಸ್ಟಿಗೆ ತೂಗು ಹಾಕಿ, ಹಿಂಭಾಗ ಕೆಳಕ್ಕೆ ವಾಲಿಸಿಕೊಂಡು ಮುಂದಿನಿಂದ ಒಳಕ್ಕೆ ಇಳಿಸಬೇಕಾಗುತ್ತದೆ. ಆ ದಿನ ಬಾಗಿಲು ತೆರೆದು, ಕಾರಿನ ಮೂತಿಯನ್ನು ಹೊರಕ್ಕೆ ಮಾಡಿ ನಿಲ್ಲಿಸಿಕೊಳ್ಳಿ, ಜೊತೆಗೆ ಇಬ್ಬರನ್ನು ಕರೆದುಕೊಳ್ಳಿ.

ಎಂಜಿನ್ ಇಳಿಸುವುದೇ ಅತಿ ಕಷ್ಟದ ಕೆಲಸವೆಂದು ಹೊಸಬರು ಹೆದರುತ್ತಾರೆ. ನನ್ನ ಅನುಭವದಲ್ಲಿ ಡಿಫರೆನ್ಷಿಯಲ್ ಕೂರಿಸುವುದು ಅದಕ್ಕಿಂತ ಕಷ್ಟ. ಆ ಭಾರವಾದ ಎರಕದ ಗುಂಡನ್ನು ಚೌಕಟ್ಟಿನ ಇಕ್ಕಟ್ಟಿನೊಳಗೆ ಎತ್ತಿ, ಎಡಬಲಗಳಲ್ಲಿ ಬೇಕಾದಷ್ಟು ವಾಷರು ಹಾಕಿ ಸರಿಯಾಗಿ ಮಧ್ಯಕ್ಕೆ ತಂದು, ಎಲ್ಲದರ ತೂತುಗಳೂ ಒಂದೇ ಸಾಲಿಗೆ ಬಂದ ಗಳಿಗೆಯಲ್ಲಿ ಉದ್ದನೆಯ ಬೋಲ್ಟನ್ನು ತೂರಿಸಬೇಕು. ನಾನು ಕಟ್ಟಿದಾಗ ನೆಲದ ಮೇಲೆ ಅಂಗಾತ ಮಲಗಿ, ಮೂರು ಗಂಟೆ ಒದ್ದಾಡಿ, ಬೋಲ್ಟು ಬಿಗಿದು ಎದ್ದು ನಿಂತ ಮೇಲೆ ನೋಡಿದರೆ ಒಂದು ವಾಷರು ಬೆಂಚಿನ ಮೇಲೆಯೇ ಉಳಿದಿತ್ತು. ಮತ್ತೆ ಎಲ್ಲವನ್ನೂ ಬಿಚ್ಚಿದೆ. ಅಂದಿನಿಂದ ಆಯಾ ಕೆಲಸಕ್ಕೆ ಬೇಕಾದ ನಟ್ಟು, ವಾಷರುಗಳನ್ನು ಎಣಿಸಿ ಒಂದು ತಟ್ಟೆಯಲ್ಲಿಟ್ಟುಕೊಂಡ ಮೇಲೆಯೇ ಪಾನಾ ಹಿಡಿಯುತ್ತೇನೆ. ಚೌಕಟ್ಟಿನ ಬಣ್ಣ ಕೀಳದಂತೆ ಅಕ್ಕಪಕ್ಕದ ಕೊಳವೆಗಳಿಗೆ ಮೊದಲೇ ಟೇಪು ಸುತ್ತಿಕೊಳ್ಳಿ. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲಿ, ಹೇಳಿದಷ್ಟು ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೂ, ನಟ್ಟಿನಿಂದ ಬೋಲ್ಟಿನ ತುದಿಯವರೆಗೆ, ಹಳದಿ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಇಲ್ಲದ್ದು ಇನ್ನೂ ಬಿಗಿಯದ ನಟ್ಟು. ಗೆರೆ ಮುರಿದು ಅತ್ತಿತ್ತ ಆಗಿದ್ದರೆ ಅದು ಸಡಿಲಗೊಂಡ ನಟ್ಟು. ಒಳಗೆ ನೈಲಾನ್ ಬಳೆಯಿರುವ ಲಾಕ್ ನಟ್ಟನ್ನು ಒಮ್ಮೆ ಬಿಚ್ಚಿದರೆ ಮತ್ತೆ ಬಳಸಬೇಡಿ.

ರಸ್ತೆಗೆ ತರಲು ಇಂಡಿವಿಜುವಲ್ ವೆಹಿಕಲ್ ಅಪ್ರೂವಲ್ ಎಂಬ, ಒಂದೊಂದೇ ವಾಹನವನ್ನು ತಪಾಸಿಸಿ ಅನುಮತಿ ಕೊಡುವ ಪರೀಕ್ಷೆ ಪಾಸಾಗಬೇಕು. ಎಲ್ಲರೂ ಇದನ್ನು ಐವಿಎ ಎನ್ನುತ್ತಾರೆ, 2009ರಿಂದ ಜಾರಿಯಲ್ಲಿದೆ. ಪರೀಕ್ಷಕರು ಕಾರಿನ ಸುತ್ತ ತಾಗುವ ಕಡೆಯೆಲ್ಲ ಅಂಚುಗಳನ್ನು ನೋಡುತ್ತಾರೆ. ಹೊರಗಿನ ಅಂಚುಗಳು ಕನಿಷ್ಠ 2.5 ಮಿ.ಮೀ. ತ್ರಿಜ್ಯದಷ್ಟು ದುಂಡಗಿರಬೇಕು, ಚೂಪಾಗಿ ಚಾಚಿದ ಬೋಲ್ಟಿನ ತುದಿಗೆ ಪ್ಲಾಸ್ಟಿಕ್ ಟೋಪಿ ಇರಬೇಕು. ಈ ಜಾತಿಯ ಕಾರುಗಳು ಬಹಳವಾಗಿ ಎಡವುವುದು ಸ್ಟೀರಿಂಗಿನಲ್ಲಿ. ತಿರುವು ಮುಗಿದು ಕೈ ಸಡಿಲಿಸಿದಾಗ ಚಕ್ರ ತಾನಾಗಿ ನೆಟ್ಟಗಾಗಬೇಕು. ಮುಂದಿನ ಭಾಗದ ತೂಕ ಅಷ್ಟು ಕಡಿಮೆಯಿರುವುದರಿಂದ ಹೊಸ ಬುಷ್‌ಗಳ (ಕೀಲುಗಳೊಳಗೆ ಕೂರಿಸುವ ಬಳೆಗಳ) ಬಿಗಿಯಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಪರೀಕ್ಷೆಗೆ ಮುಂಚೆ ಕ್ಯಾಸ್ಟರ್ ಕೋನವನ್ನೂ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಮುಂದಿನ ಚಕ್ರಗಳ ಅಲೈನ್‌ಮೆಂಟನ್ನೂ ಅಳೆಸಿ, ಸ್ಟೀರಿಂಗ್ ದಂಡದ ಬುಷ್‌ಗೆ ಎಣ್ಣೆ ಬಿಟ್ಟು ಒಂದೆರಡು ದಿನ ಆಡಿಸಿ. ನೋಂದಣಿಗೆ ಬಿಲ್ಲುಗಳೂ ಕಟ್ಟುವ ಹಂತಗಳ ಫೋಟೋಗಳೂ ಬೇಕಾಗುತ್ತವೆ, ಹಾಗಾಗಿ ಪೆಟ್ಟಿಗೆ ಬಿಚ್ಚಿದ ಮೊದಲ ದಿನದಿಂದಲೇ ಎಲ್ಲವನ್ನೂ ಇಟ್ಟುಕೊಳ್ಳಿ.

ಒಂದು ಮಾತನ್ನು ಮನೆಯವರೊಡನೆ ಕುಳಿತು ಮಾತಾಡಿಯೇ ಮುಂದುವರಿಯಿರಿ. ಇದರಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಪಕ್ಕದ ಲಾರಿಯ ಚಕ್ರದ ನಡುಭಾಗ ನಿಮ್ಮ ಕಿವಿಯ ಮಟ್ಟಕ್ಕೆ ಬರುತ್ತದೆ. ಕಾರು ಮಗುಚಿದರೆ ತಲೆ ಕಾಯುವ, ತಲೆಯ ಹಿಂದಿನ ರೋಲ್ ಬಾರ್ ಮತ್ತು ನಾಲ್ಕು ಪಟ್ಟಿಯ ಬೆಲ್ಟಿಗೆ ದುಡ್ಡು ಉಳಿಸಲು ಹೋಗಬೇಡಿ.

ಪ್ರಶ್ನೆ: ಬೆಂಗಳೂರಿನ ರಾಜಾಜಿನಗರದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ವೆಲ್ಡಿಂಗ್ ಚೆನ್ನಾಗಿ ಬರುತ್ತದೆ. ಹಳೆಯ ಮಾರುತಿಯ ಎಂಜಿನ್ ಹಾಕಿ ಇಂಥದೇ ಕಾರನ್ನು ನಾನೇ ಮಾಡಿದರೆ ಆರ್‌ಟಿಒದಲ್ಲಿ ನೋಂದಣಿ ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ಇದನ್ನು ಬರೆಯಲು ನನಗೂ ಬೇಸರವಿದೆ, ಆದರೆ ನೀವು ಲಕ್ಷಗಟ್ಟಲೆ ಖರ್ಚು ಮಾಡಿದ ಮೇಲೆ ತಿಳಿಯುವುದಕ್ಕಿಂತ ಈಗಲೇ ತಿಳಿಯುವುದು ಒಳ್ಳೆಯದು. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದ ಪ್ರಕಾರ ತಯಾರಕರು ತಮ್ಮ ವಾಹನದ ಮಾದರಿಯನ್ನು ಪುಣೆಯ ಎಆರ್‌ಎಐನಂಥ ಅಧಿಕೃತ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಿ ಪ್ರಮಾಣಪತ್ರ ಪಡೆಯಬೇಕು. ಇದು ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವ್ಯವಸ್ಥೆ. ಮನೆಯಲ್ಲಿ ಒಂದೇ ಒಂದು ಕಾರು ಕಟ್ಟುವವರಿಗೆ ಬ್ರಿಟನ್ನಿನ ಐವಿಎಯಂಥ ದಾರಿ ಇಲ್ಲಿಲ್ಲ. ಹಾಗಾದರೆ ಹಳೆಯ ಮಾರುತಿಯ ಆರ್‌ಸಿಯನ್ನೇ ಇಟ್ಟುಕೊಂಡು ಮೇಲಿನದ್ದನ್ನೆಲ್ಲ ಬದಲಾಯಿಸೋಣ ಎಂದು ಹಲವರು ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದನ್ನು ತಡೆಯುತ್ತದೆ. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅಂಥ ಕಾರು ಅಪಘಾತಕ್ಕೆ ಸಿಕ್ಕಿದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ, ಮತ್ತು ಆಗ ತೊಂದರೆಗೆ ಸಿಕ್ಕುವವರು ನೀವೊಬ್ಬರೇ ಅಲ್ಲ.

ಹಾಗೆಂದು ನಿಮ್ಮ ಕೈಗೆ ಕೆಲಸವಿಲ್ಲವೆಂದಲ್ಲ. ರಸ್ತೆಗೆ ತರದೆ, ಟ್ರೈಲರಿನ ಮೇಲೆ ಸಾಗಿಸಿ ಟ್ರ್ಯಾಕಿನಲ್ಲಷ್ಟೇ ಓಡಿಸುವ ಕಾರನ್ನು ಕಟ್ಟಬಹುದು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಹೊರಗಿನ ಇರುಂಗಾಟ್ಟುಕೋಟ್ಟೈ ಟ್ರ್ಯಾಕು ಎರಡೂ ಬೆಂಗಳೂರಿನಿಂದ ಒಂದು ದಿನದ ಹಾದಿಯೊಳಗಿವೆ. ಕಟ್ಟಲು ತೊಡಗುವ ಮುನ್ನ ಅಲ್ಲಿನವರ ಸುರಕ್ಷತಾ ನಿಯಮಗಳನ್ನು ಬರಹದಲ್ಲಿ ತರಿಸಿಕೊಳ್ಳಿ, ರೋಲ್ ಕೇಜಿನ ಕೊಳವೆಯ ದಪ್ಪವನ್ನು ಅದರ ಪ್ರಕಾರವೇ ಆರಿಸಿ. ಫಾರ್ಮುಲಾ ಭಾರತ್, ಸುಪ್ರ ಎಸ್‌ಎಇ ಇಂಡಿಯಾ ಸ್ಪರ್ಧೆಗಳಿಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರತಿವರ್ಷ ಇಂಥದೇ ಕೊಳವೆ ಚೌಕಟ್ಟಿನ ಪುಟ್ಟ ರೇಸ್ ಕಾರುಗಳನ್ನು ಕಟ್ಟುತ್ತಾರೆ. ಹತ್ತಿರದ ಕಾಲೇಜಿನ ತಂಡವೊಂದಕ್ಕೆ ನಿಮ್ಮ ವೆಲ್ಡಿಂಗ್ ಹೇಳಿಕೊಟ್ಟರೆ ಅವರಿಂದ ಸಸ್ಪೆನ್ಷನ್ನಿನ ಲೆಕ್ಕಾಚಾರವನ್ನು ನೀವು ಕಲಿಯಬಹುದು. ರಸ್ತೆಯ ಮೇಲೆ ಹಗುರ ಕಾರು ಬೇಕೇ ಬೇಕೆಂದರೆ ಒಂದು ಹಳೆಯ ಮಾರುತಿ 800 ಹುಡುಕಿ. ತೂಕ ಸುಮಾರು 650 ಕಿಲೋ. ಅದನ್ನು ಪೂರ್ತಿ ಬಿಚ್ಚಿ, ತುಕ್ಕು ತೆಗೆದು, ಕಂಪನಿ ಕೊಟ್ಟ ವಿವರಕ್ಕೆ ಚೂರೂ ವ್ಯತ್ಯಾಸವಿಲ್ಲದಂತೆ ಮತ್ತೆ ಕಟ್ಟಿ, ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಿಕೊಳ್ಳಿ. ಬುಷ್, ಬೇರಿಂಗು, ಬ್ರೇಕು ಎಲ್ಲವೂ ಹೊಸದಾದ ಮಾರುತಿ 800 ಎಷ್ಟು ಚುರುಕಾಗಿ ತಿರುಗುತ್ತದೆ ಎಂಬುದನ್ನು ನೋಡಿದವರು ಕಡಿಮೆ.

ಪ್ರಶ್ನೆ: ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ಮತ್ತೊಬ್ಬರು ಕಟ್ಟಿದ್ದ ಸೆವೆನ್ ಮಾದರಿಯ ಕಾರನ್ನು ಕಳೆದ ವರ್ಷ ಕೊಂಡೆ. ಜೋರಾಗಿ ಬ್ರೇಕ್ ಒತ್ತಿದರೆ ಮುಂದಿನ ಎಡ ಚಕ್ರ ಮೊದಲು ನಿಂತು ಜಾರುತ್ತದೆ. ಬ್ರೇಕಿನ ಭಾಗಗಳನ್ನೆಲ್ಲ ಬದಲಾಯಿಸಿದರೂ ಸರಿಹೋಗಿಲ್ಲ.

ಉತ್ತರ: ಮೊದಲು ಟೈರಿನ ಗಾಳಿ ನೋಡಿ. ಸಾಮಾನ್ಯ ಕಾರಿನಂತೆ 32 ಪಿಎಸ್‌ಐ ತುಂಬಿಸಿದ್ದರೆ ಇಷ್ಟು ಹಗುರ ಕಾರಿನ ಟೈರು ನೆಲಕ್ಕೆ ಸರಿಯಾಗಿ ಕೂರುವುದಿಲ್ಲ. ಇವಕ್ಕೆ ಸಾಮಾನ್ಯವಾಗಿ 18ರಿಂದ 20 ಸಾಕು. ಅದು ಸರಿಯಿದ್ದರೆ ದೋಷ ಬ್ರೇಕಿನಲ್ಲಿಲ್ಲ, ನಾಲ್ಕು ಚಕ್ರಗಳ ನಡುವೆ ತೂಕ ಹಂಚಿಕೆಯಾಗಿರುವ ರೀತಿಯಲ್ಲಿದೆ ಎಂಬುದು ನನ್ನ ಅನಿಸಿಕೆ. ನಾಲ್ಕು ಕಾಲಿನ ಮೇಜಿನ ಒಂದು ಕಾಲು ಗಿಡ್ಡವಾಗಿದ್ದರೆ ಅದರ ಮೇಲೆ ಭಾರ ಬೀಳುವುದಿಲ್ಲವಲ್ಲ, ಹಾಗೆಯೇ ನಿಮ್ಮ ಮುಂದಿನ ಎಡ ಚಕ್ರದ ಮೇಲೆ ಭಾರ ಕಡಿಮೆಯಾಗಿ ಅದು ಬೇಗ ಹಿಡಿತ ಕಳೆದುಕೊಳ್ಳುತ್ತಿದೆ.

ನಾಲ್ಕು ಚಕ್ರಗಳ ಕೆಳಗೂ ಒಂದೊಂದು ತೂಕದ ಯಂತ್ರ ಇಟ್ಟು ಅಳೆಯುವ ಸೌಲಭ್ಯ ರೇಸ್ ಕಾರು ನೋಡಿಕೊಳ್ಳುವ ಗ್ಯಾರೇಜುಗಳಲ್ಲಿ ಇರುತ್ತದೆ. ಯಂತ್ರಗಳು ಒಂದೇ ಮಟ್ಟದಲ್ಲಿರಬೇಕು, ಒಂದೆರಡು ಮಿಲಿಮೀಟರ್ ವ್ಯತ್ಯಾಸವಿದ್ದರೂ ಅಂಕಿ ತಪ್ಪುತ್ತದೆ. ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ಎಡಬಲದ ಚಕ್ರಗಳನ್ನು ಜೋಡಿಸುವ ಆ್ಯಂಟಿ-ರೋಲ್ ಬಾರಿನ ಒಂದು ಕೊಂಡಿಯನ್ನು ಬಿಚ್ಚಿಡಿ. ಮುಂದಿನ ಎಡ ಮತ್ತು ಹಿಂದಿನ ಬಲ ಚಕ್ರಗಳ ತೂಕದ ಮೊತ್ತ ಒಂದು ಕಡೆ, ಮುಂದಿನ ಬಲ ಮತ್ತು ಹಿಂದಿನ ಎಡ ಚಕ್ರಗಳದ್ದು ಇನ್ನೊಂದು ಕಡೆ ಬರೆದುಕೊಳ್ಳಿ. ಈ ಎರಡು ಮೊತ್ತಗಳು ಆದಷ್ಟೂ ಸಮಕ್ಕೆ ಬರಬೇಕು. ಮುಂದಿನ ಎಡ ಸ್ಪ್ರಿಂಗಿನ ಕೆಳಗಿರುವ ತಿರುಪು ತಟ್ಟೆಯನ್ನು ಮೇಲಕ್ಕೆ ತಿರುಗಿಸಿದರೆ ಆ ಮೂಲೆಗೂ ಅದರ ಕರ್ಣದ ತುದಿಯಾದ ಹಿಂದಿನ ಬಲ ಮೂಲೆಗೂ ಭಾರ ಹೆಚ್ಚುತ್ತದೆ, ಉಳಿದೆರಡಕ್ಕೆ ಕಡಿಮೆಯಾಗುತ್ತದೆ. ಒಂದೇ ಮೂಲೆಯಲ್ಲಿ ಹೆಚ್ಚು ತಿರುಗಿಸಿದರೆ ಕಾರಿನ ಎತ್ತರ ಕೆಡುತ್ತದೆ, ಹಾಗಾಗಿ ನಾಲ್ಕರಲ್ಲೂ ಸ್ವಲ್ಪಸ್ವಲ್ಪವೇ ಹಂಚಿ. ಎಡ ಬದಿಯ ಒಟ್ಟು ತೂಕವನ್ನೋ ಬಲ ಬದಿಯದನ್ನೋ ಸ್ಪ್ರಿಂಗಿನಿಂದ ಬದಲಾಯಿಸಲು ಆಗುವುದಿಲ್ಲ; ಅದಕ್ಕೆ ಬ್ಯಾಟರಿಯಂಥ ಭಾರದ ವಸ್ತುವಿನ ಜಾಗವನ್ನೇ ಬದಲಾಯಿಸಬೇಕು.

ಇದೆಲ್ಲವನ್ನೂ ಖಾಲಿ ಸೀಟಿನಲ್ಲಿ ಮಾಡಿದರೆ ಉಪಯೋಗವಿಲ್ಲ. ಬಹುಶಃ ನಿಮ್ಮ ಕಾರನ್ನು ಕಟ್ಟಿದವರು ಹಾಗೆ ಮಾಡಿರಬಹುದು, ಇಲ್ಲವೇ ಅವರ ಮೈತೂಕ ನಿಮ್ಮದಕ್ಕಿಂತ ಬಹಳ ಬೇರೆಯಾಗಿದ್ದಿರಬಹುದು. 440 ಕಿಲೋ ಕಾರಿನಲ್ಲಿ 70 ಕಿಲೋ ಮನುಷ್ಯ ಕುಳಿತರೆ ಒಟ್ಟು ತೂಕದ ಏಳನೇ ಒಂದು ಭಾಗ ಆತನದೇ ಆಗುತ್ತದೆ, ಅದೂ ಬಲಬದಿಯಲ್ಲಿ, ಹಿಂದಿನ ಚಕ್ರದ ಹತ್ತಿರ. ಅಳೆಯುವಾಗ ನೀವೇ ಸೀಟಿನಲ್ಲಿ ಕುಳಿತು ಬೇರೊಬ್ಬರ ಕೈಲಿ ತಿರುಗಿಸಲು ಹೇಳಬಹುದು. ನಾನು ಒಬ್ಬನೇ ಮಾಡುವುದರಿಂದ ಅಡುಗೆಮನೆಯಿಂದ 20 ಕಿಲೋದ ಮೂರು ಅಕ್ಕಿ ಚೀಲ, 10 ಕಿಲೋದ ಒಂದು ಚೀಲ ತಂದು, ದೊಡ್ಡ ಎರಡನ್ನು ಸೀಟಿನ ತಳಕ್ಕೆ, ಮೂರನೆಯದನ್ನು ಬೆನ್ನಿಗೆ ಒರಗಿಸಿ, ಚಿಕ್ಕದನ್ನು ಪೆಡಲುಗಳ ಹತ್ತಿರ ಇಟ್ಟು, ಪೆಟ್ರೋಲು ಅರ್ಧ ಟ್ಯಾಂಕ್ ತುಂಬಿಸಿಕೊಂಡು ಅಳೆಯುತ್ತೇನೆ. ಸ್ಪ್ರಿಂಗು ಹೊಂದಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟನ್ನು ಮತ್ತೆ ಮಾಡಿಸಿ, ಬಿಚ್ಚಿಟ್ಟ ಆ್ಯಂಟಿ-ರೋಲ್ ಬಾರಿನ ಕೊಂಡಿಯನ್ನು ಚೀಲಗಳು ಸೀಟಿನಲ್ಲಿರುವಾಗಲೇ, ಅದರ ಮೇಲೆ ಯಾವ ಒತ್ತಡವೂ ಬೀಳದಂತೆ ಉದ್ದ ಸರಿಮಾಡಿ ಜೋಡಿಸಿ.